ಆಕೆಯ ಅಹವಾಲು ಆತನ ಬಾಯಲ್ಲಿ

“ಗುರುಗಳೇ, ಬಿಟ್ಟು ಬಂದದ್ದು ಪೂರ್ತಿಯಾಗಿ ಬಿಟ್ಟಂತೆ ಆಗುವುದು ಯಾವಾಗ?” ಎಂದು ಶಿಷ್ಯ ಕೇಳಿದ.

ಅವನು ಹೆಂಡತಿಯನ್ನು ಬಿಟ್ಟು ಮಠಕ್ಕೆ ಬಂದು ಮೂರು ತಿಂಗಳಾಗಿತ್ತು. ಮನೆ, ಹೊಲ ಎಲ್ಲವನ್ನೂ ಆಕೆಯ ಹೆಸರಿಗೆ ಬರೆದುಕೊಟ್ಟಿದ್ದ. ಆದ್ದರಿಂದ ತನ್ನ ಮೇಲೆ ಇನ್ನು ಯಾರ ಹಕ್ಕೂ ಇಲ್ಲ ಎಂದು ನಂಬಿದ್ದ. ಮರುದಿನ ಬೆಳಿಗ್ಗೆ ಅವನಿಗೆ ಕಾವಿ ಕೊಡುವುದೆಂದು ನಿಶ್ಚಯವಾಗಿತ್ತು. ಮಡಿಸಿದ ಕಾವಿಬಟ್ಟೆ ಗುರುಗಳ ಮತ್ತು ಅವನ ನಡುವೆ ಮಣೆಯ ಮೇಲಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮಂಡಕ್ಕಿ ವ್ಯಾಪಾರಿ ಇದ್ದ. ಅವನಿಗೆ ಸ್ವಂತ ಭಟ್ಟಿ ಇತ್ತು. ಭಟ್ಟಿ ಎಂದರೆ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದು ಮಂಡಕ್ಕಿ ಮಾಡುವ ಜಾಗ. ಅಲ್ಲಿ ಎರಡು ಒಲೆಗಳಿದ್ದವು. ಒಳಗೆ ಒಲೆಯ ಮುಂದೆ ಹೆಂಡತಿ ಕೂರುತ್ತಿದ್ದಳು, ಹೊರಗೆ ಅಂಗಡಿಯಲ್ಲಿ ಅವನು ಕೂರುತ್ತಿದ್ದ. ಹದಿನೆಂಟು ವರ್ಷ ಹೀಗೆ ನಡೆಯಿತು. ಆಮೇಲೆ ಒಂದೇ ಸೂರಿನಡಿ ಇರಲಾಗದೆ ಇಬ್ಬರೂ ವಿಚ್ಛೇದನಕ್ಕೆ ಒಪ್ಪಿದರು. ಒಂದು ವಿಷಯದಲ್ಲಿ ಮಾತ್ರ ಒಪ್ಪಿಗೆಯಾಗಲಿಲ್ಲ. ಹೆಂಡತಿ ಎರಡು ಒಲೆಗಳಲ್ಲಿ ಒಂದನ್ನು ಕೇಳಿದಳು. ವ್ಯಾಪಾರಿ, “ಬೇಕಾದರೆ ದುಡ್ಡು ತಗೋ, ಒಲೆ ಕೊಡಲ್ಲ” ಎಂದ.

ಗಂಡ ಹೆಂಡಿರ ವ್ಯಾಜ್ಯಗಳನ್ನಷ್ಟೇ ನೋಡುವ ಒಬ್ಬ ವಕೀಲೆ ಆ ಊರಿನಲ್ಲಿದ್ದರು. ಇಬ್ಬರೂ ಅವರ ಬಳಿ ಹೋದರು.

ವಕೀಲೆ ಹೇಳಿದರು: “ಜಗಳವೇ ಆಡುವುದಾದರೆ ಇಬ್ಬರೂ ಬೇರೆ ಬೇರೆ ವಕೀಲರನ್ನು ನೋಡಿಕೊಳ್ಳಿ. ಒಪ್ಪಿ ಬೇರೆಯಾಗುವುದಾದರೆ ನಾನು ಪತ್ರ ಬರೆಯುತ್ತೇನೆ. ಆದರೆ ಅದಕ್ಕೆ ಮೊದಲು ಹೆಂಡತಿಯ ಅಹವಾಲನ್ನು ಗಂಡ ಹೇಳಬೇಕು, ಗಂಡನದನ್ನು ಹೆಂಡತಿ ಹೇಳಬೇಕು. ಕೇಳಿದವರು ‘ಹೌದು, ಇದೇ’ ಅನ್ನುವ ತನಕ ನಾನು ಪೆನ್ನು ಮುಟ್ಟುವುದಿಲ್ಲ.”

ನೋಡಪ್ಪಾ, ಇದು ನೀನು ಇಲ್ಲಿ ಪಾಠದಲ್ಲಿ ಓದುವ ಪೂರ್ವಪಕ್ಷದ ಹಾಗೆಯೇ. ಎದುರಿನವನ ವಾದವನ್ನು ಅವನೇ ಒಪ್ಪುವಂತೆ ಹೇಳಿದ ಮೇಲಲ್ಲವೇ ನಮ್ಮ ಉತ್ತರಕ್ಕೆ ಬೆಲೆ ಬರುವುದು?

ವ್ಯಾಪಾರಿ ನಕ್ಕುಬಿಟ್ಟ. “ಏನ್ ಮೇಡಂ, ಫೀಸು ಕೊಡೋನು ನಾನು, ವಾದ ಮಾಡೋದು ಅವಳ ಪರವಾಗಿಯಾ?”

“ಫೀಸು ಅದಕ್ಕೇ” ಎಂದರು ವಕೀಲೆ.

ಹೆಂಡತಿ ಮೊದಲು ಮಾತಾಡಿದಳು. “ಇವರ ತಂದೆ ಬೇರೆಯವರ ಭಟ್ಟಿಯಲ್ಲಿ ಕೂಲಿಗಿದ್ದರು. ಒಂದು ದಿನ ಎಲ್ಲರೆದುರು ಅವರನ್ನ ಒಲೆ ಮುಂದಿನಿಂದ ಎಬ್ಬಿಸಿ ಕಳಿಸಿಬಿಟ್ಟರು. ಇವರು ಚಿಕ್ಕವರು, ಬಾಗಿಲಲ್ಲಿ ನಿಂತು ನೋಡಿದರು. ಈಗ ಒಂದು ಒಲೆ ಕೈಬಿಟ್ಟರೂ ತಮ್ಮನ್ನೇ ಎಬ್ಬಿಸಿ ಕಳಿಸಿದ ಹಾಗೆ ಅಂತ ಇವರಿಗೆ ಭಯ.”

ವ್ಯಾಪಾರಿ ಬೆರಗಾದ. ಆ ಸಂಗತಿಯನ್ನು ಅವನು ಯಾರಿಗೂ ಹೇಳಿರಲಿಲ್ಲ.

“ನಿನಗೆ ಯಾರು ಹೇಳಿದರು?”

“ನೀವೇ. ಜ್ವರ ಬಂದಾಗೆಲ್ಲ ಕನವರಿಸ್ತೀರಿ.”

ಅವನು ತಲೆ ತಗ್ಗಿಸಿ, “ಹೌದು, ಇದೇ” ಎಂದ. ಇನ್ನು ಅವನ ಸರದಿ.

“ಅವಳಿಗೆ ಆಸ್ತಿ ಮೇಲೆ ಕಣ್ಣು” ಎಂದ ವ್ಯಾಪಾರಿ. ಹೆಂಡತಿ “ಅಲ್ಲ” ಎಂದಳು. ವಕೀಲೆ ಮುಂದಿನ ಸೋಮವಾರ ಬರಹೇಳಿದರು. ಆ ಸೋಮವಾರ ಅವನು, “ನನಗೆ ಸಿಟ್ಟು ಜಾಸ್ತಿ. ನಮ್ಮವ್ವನೂ ಅವಳನ್ನ ಬಹಳ ಅಂದಳು” ಎಂದ. “ಅದು ನಿಜ, ಆದರೆ ಅದಲ್ಲ” ಎಂದಳು ಹೆಂಡತಿ. ಮೂರನೆಯ ಸೋಮವಾರ ಅವನಿಗೆ ಏನೂ ತೋಚಲಿಲ್ಲ.

“ಸಂತೆಯಲ್ಲಿ ಮಂಡಕ್ಕಿ ಮಾರುವಾಗ ಈ ಬಾಯಿ ಮುಚ್ಚೋದೇ ಇಲ್ಲ, ಇಲ್ಲಿ ನೋಡಿ!” ಎಂದಳು ಹೆಂಡತಿ.

“ನೀನೇ ಹೇಳಿಬಿಡು, ಮುಗಿದುಹೋಗಲಿ!” ಎಂದು ಅವನು ರೇಗಿದ.

“ಅವರು ಹೇಳಿಕೊಟ್ಟರೆ ನೀವು ಬಾಯಿಪಾಠ ಒಪ್ಪಿಸ್ತೀರಿ ಅಷ್ಟೇ” ಎಂದರು ವಕೀಲೆ.

ಆ ವಾರ ಭಟ್ಟಿಗೆ ಆಳು ಬರಲಿಲ್ಲ. ಹೆಂಡತಿ ತಮ್ಮನ ಮನೆಯಲ್ಲಿದ್ದಳು. ಹೀಗಾಗಿ ವ್ಯಾಪಾರಿಯೇ ಒಲೆಯ ಮುಂದೆ ಕೂತ. ಕಾದ ಮರಳು ಸಿಡಿದು ಅವನ ಮುಂಗೈ ಮೇಲೆ ಸಣ್ಣ ಸಣ್ಣ ಬೊಕ್ಕೆ ಎದ್ದವು. ಹೆಂಡತಿಯ ಬಳೆಗಳ ಹಿಂದೆ ಅಂಥದೇ ಕಲೆಗಳಿದ್ದದ್ದು ಅವನಿಗೆ ನೆನಪಾಯಿತು. ಅವು ಹುಟ್ಟಿದಾಗಿನಿಂದ ಇದ್ದವು ಎಂದು ಅವನು ತಿಳಿದಿದ್ದ.

ಅಷ್ಟರಲ್ಲಿ ಹೊರಗೆ ಪರವೂರಿನ ಗಿರಾಕಿಯೊಬ್ಬ ಬಂದ. “ಒಳ್ಳೆ ಹದವಾಗಿದೆ. ಒಳಗೆ ಹುರಿಯೋರು ಯಾರು?” ಎಂದು ಕೇಳಿದ. ಅಂಗಡಿಯ ಗುಮಾಸ್ತ, “ಒಳಗೆ ಯಾರೂ ಇಲ್ಲ. ಎಲ್ಲಾ ನಮ್ಮ ಸಾಹುಕಾರರದೇ ಕೈಗುಣ” ಎಂದ. ಆ ಉತ್ತರವನ್ನು ಗುಮಾಸ್ತನಿಗೆ ಕಲಿಸಿದವನು ವ್ಯಾಪಾರಿಯೇ. ಹೆಂಡತಿಯ ದುಡಿಮೆಯಲ್ಲಿ ಕೂತು ತಿನ್ನುತ್ತಾನೆ ಎಂದು ಜನ ಆಡಿಕೊಂಡಾರು ಎಂಬ ಅಳುಕಿನಿಂದ ಹಾಗೆ ಕಲಿಸಿದ್ದ.

ವ್ಯಾಪಾರಿಯ ಕೈಯಲ್ಲಿದ್ದ ಜರಡಿ ಅಲ್ಲೇ ನಿಂತಿತು. ಹೊರಗಿನ ಒಂದೊಂದು ಮಾತೂ ಒಳಗೆ ಸ್ಪಷ್ಟವಾಗಿ ಕೇಳಿಸುತ್ತದೆ ಎಂಬುದು ಅವನಿಗೆ ಅವತ್ತೇ ಗೊತ್ತಾದದ್ದು.

ನಾಲ್ಕನೆಯ ಸೋಮವಾರ ಅವನು ಹೆಂಡತಿಯ ಮುಖ ನೋಡದೆ, ಹೆಂಡತಿಯಾಗಿಯೇ ಮಾತಾಡಿದ.

“ನಾನು ಹದಿನೆಂಟು ವರ್ಷ ಒಳಗಿದ್ದೆ. ಯಾರು ಬಂದು ಕೇಳಿದರೂ ಒಳಗೆ ಯಾರೂ ಇಲ್ಲ ಅಂತ ಇವರು ಹೇಳ್ತಿದ್ದರು. ಅದು ನನಗೆ ಕೇಳಿಸ್ತಿತ್ತು. ದುಡ್ಡು ಕೊಟ್ಟರೆ ಖರ್ಚಾಗಿಹೋಗುತ್ತೆ. ನಾನು ಅಲ್ಲಿದ್ದೆ ಅನ್ನೋದಕ್ಕೆ ಆ ಒಲೆ ಒಂದೇ ಸಾಕ್ಷಿ. ಅದಕ್ಕೇ ನನಗೆ ಅದು ಬೇಕು.”

ಹೆಂಡತಿ, “ಹೌದು, ಇದೇ” ಎಂದಳು.

ವ್ಯಾಪಾರಿ ತಲೆ ಎತ್ತಿ ನೋಡಿದ. ವಕೀಲೆ ಕುರ್ಚಿಯಿಂದ ಎದ್ದು ನಿಂತಿದ್ದರು. ಮಂಗಳಾರತಿಯ ಹೊತ್ತಿಗೆ ಯಾರೂ ಹೇಳದೆಯೇ ಎದ್ದು ನಿಲ್ಲುತ್ತೇವಲ್ಲ, ಹಾಗೆ ನಿಂತಿದ್ದರು. ಇವನಿಗೂ ಕೂತಿರಲು ಆಗಲಿಲ್ಲ. ಅವನೂ ಎದ್ದು ನಿಂತ.

ಪತ್ರ ಬರೆಯಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಅವಳು ಕೂರುತ್ತಿದ್ದ ಒಲೆ ಅವಳಿಗಿರಲಿ, ಅದಕ್ಕೆ ಬೀದಿಯ ಕಡೆ ಬಾಗಿಲು ತೆಗೆಸಿಕೊಡುತ್ತೇನೆ ಎಂದು ಅವನೇ ಹೇಳಿದ. ಅದಕ್ಕೆ ಅವಳ ಹೆಸರಿನ ಬೋರ್ಡು ಹಾಕಿಸಿಕೊಡುವುದನ್ನೂ ಬರೆಸಿದ. ಕೋರ್ಟಿನಲ್ಲಿ ವಿಚ್ಛೇದನವಾಯಿತು. ಇಬ್ಬರೂ ನಮಸ್ಕಾರ ಮಾಡಿಕೊಂಡು ತಮ್ಮ ತಮ್ಮ ದಾರಿ ಹಿಡಿದರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಅಷ್ಟು ಅರ್ಥವಾದ ಮೇಲೂ ಅವರು ಒಂದಾಗಲಿಲ್ಲವೇ?”

“ಇಲ್ಲಪ್ಪಾ. ಅರ್ಥವಾದ ಮೇಲೆಯೇ ಅವರು ಬೇರೆಯಾದದ್ದು. ಅಲ್ಲಿಯವರೆಗೆ ಬರೀ ಮುಖ ತಿರುಗಿಸಿಕೊಂಡಿದ್ದರು.”

“ಹಾಗಾದರೆ ನನಗೆ ತೊಡಕಿಲ್ಲ ಗುರುಗಳೇ. ನಾನು ಏನನ್ನೂ ಉಳಿಸಿಕೊಳ್ಳದೆ ಎಲ್ಲವನ್ನೂ ಆಕೆಗೆ ಬರೆದುಕೊಟ್ಟು ಬಂದಿದ್ದೇನೆ.”

ಗುರುಗಳು ಮಣೆಯ ಮೇಲಿದ್ದ ಕಾವಿಬಟ್ಟೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

“ಒಳ್ಳೆಯದು. ಈಗ ನಿನ್ನ ಹೆಂಡತಿಯ ಅಹವಾಲು ಹೇಳು” ಎಂದರು.

ಶಿಷ್ಯ ಬಾಯಿ ತೆರೆದ. “ಮನೆ, ಹೊಲ ಎಲ್ಲ ಆಕೆಗೇ...” ಎಂದು ಶುರುಮಾಡಿದವನು, ಅದು ಆಕೆಯ ಮಾತಲ್ಲ, ತನ್ನದೇ ಮಾತು ಎಂದು ಹೊಳೆದು ನಿಲ್ಲಿಸಿದ.