ಬಾಣ ಬಿದ್ದಲ್ಲಿಗೆ ಗಡಿ

ಹಿಂದೆ ಗ್ರೀಸ್ ದೇಶದ ಒಂದು ಗುಡ್ಡದ ಮೇಲೆ ಬೇಟೆಯ ದೇವತೆ ಆರ್ಟೆಮಿಸ್ ದೇವಿಯ ಗುಡಿಯಿತ್ತು. ಧಣಿಗಳ ಕಾಟ ತಾಳಲಾರದೆ ಓಡಿಬಂದ ಗುಲಾಮರು ಆ ಗುಡಿಯ ಗಡಿಯೊಳಗೆ ಕಾಲಿಟ್ಟರೆ ಮುಗಿಯಿತು, ಅವರನ್ನು ಯಾರೂ ಮುಟ್ಟುವಂತಿರಲಿಲ್ಲ.

ಗಡಿಗೊಂದು ಕಟ್ಟಳೆ. ದೇವಿಯ ದೀಪಕ್ಕೆ ಎಣ್ಣೆ ಎರೆಯುವ ಕೈ ಪ್ರತಿ ವರ್ಷ ಹಬ್ಬದ ದಿನ ಗುಡಿಯ ಹೊಸ್ತಿಲಲ್ಲಿ ನಿಂತು ಒಂದು ಬಾಣ ಬಿಡಬೇಕು. ಅದು ಬಿದ್ದ ಜಾಗವೇ ಆ ವರ್ಷದ ಗಡಿ.

ಪೂಜಾರಿಣಿ ಥಿಯಾನೊಗೆ ಆ ಬಿಲ್ಲೆಂದರೆ ಪ್ರಾಣ. ವಯಸ್ಸಾಯಿತು, ಕೈ ನಡುಗಿತು, ಆದರೂ ಬಿಲ್ಲನ್ನು ಬಿಟ್ಟುಕೊಡಲೊಲ್ಲಳು. ಬಾಣ ವರ್ಷ ವರ್ಷವೂ ಹತ್ತಿರ ಹತ್ತಿರ ಬಿತ್ತು. ಗಡಿಯಿಂದ ಬಿಟ್ಟುಹೋದ ನೆಲವನ್ನೆಲ್ಲ ಸಾಹುಕಾರ ಲೈಕೋನ್ ದ್ರಾಕ್ಷಿತೋಟ ಮಾಡಿಕೊಂಡ. ಬೆರಳು ಕೊಟ್ಟರೆ ಹಸ್ತ ನುಂಗುವ ಆಸಾಮಿ, ಅಲ್ಲೇ ದೊಡ್ಡ ಮನೆಯನ್ನೂ ಕಟ್ಟಿಸಿದ.

ಈಗ ಗಡಿಯೊಳಗೆ ಉಳಿದಿದ್ದದ್ದು ಒಂದೇ ಒರತೆ. ಬಾಣ ಅದರ ಈಚೆ ಬಿದ್ದರೆ ಆಸರೆ ಬಯಸಿ ಬಂದವರು ನೀರಿಗೆ ಹೊರಗೆ ಹೋಗಲೇಬೇಕು. ಹೋದರೆ ಲೈಕೋನನ ಕಡೆಯವರು ಹಿಡಿಯುತ್ತಾರೆ. ಅವನ ಕಣ್ಣೆಲ್ಲ ಡೋರಿಸಳ ಮೇಲೆ. ಹೋದ ಚಳಿಗಾಲದಲ್ಲಿ ಅವನ ಮನೆಯಿಂದಲೇ ತಪ್ಪಿಸಿಕೊಂಡು ಬಂದವಳು ಅವಳು, ಬೆಟ್ಟದ ಬೇಡನೊಬ್ಬನ ಮಗಳು.

ಹಬ್ಬದ ಬೆಳಿಗ್ಗೆ ಬಿಲ್ಲಿಗೆ ಹೆದೆ ಏರಿಸಲು ಥಿಯಾನೊ ಹೆಣಗಿದಳು. ಆಗಲಿಲ್ಲ. ಡೋರಿಸ್ ಬಂದು ಒಂದೇ ಸಲಕ್ಕೆ ಏರಿಸಿಕೊಟ್ಟು, ಎಂದಿನಂತೆ ದೀಪಕ್ಕೆ ಎಣ್ಣೆ ಎರೆಯಲು ಹೋದಳು. ಮುದುಕಿಗೆ ಮೊದಲು ಹೊಟ್ಟೆಕಿಚ್ಚಾಯಿತು. ಆಮೇಲೆ ನಾಚಿಕೆಯಾಯಿತು.

ಊರೆಲ್ಲ ನೆರೆಯಿತು. ಲೈಕೋನ್ ನಗುತ್ತ, "ಬೇಗ ಬಿಡಿ ತಾಯಿ. ಬಾಣ ಎಲ್ಲೇ ಬೀಳಲಿ, ಅದೇ ಗಡಿ ಅಂತ ಊರಿನ ಮುಂದೆ ಒಪ್ಪಿಕೊಳ್ತೀನಿ," ಎಂದ.

ಥಿಯಾನೊ ಬಿಲ್ಲನ್ನೊಮ್ಮೆ ಎದೆಗೊತ್ತಿಕೊಂಡಳು. "ಚಳಿಗಾಲದಿಂದ ದೀಪಕ್ಕೆ ಎಣ್ಣೆ ಎರೆದದ್ದು ನನ್ನ ಕೈಯಲ್ಲ. ತಗೋ ಮಗಳೇ," ಎಂದು ಡೋರಿಸಳ ಕೈಗಿಟ್ಟಳು.

"ನಾನಾ ಅಮ್ಮ? ತಪ್ಪಿದರೆ?"

"ನಾನು ಬಿಟ್ಟರೆ ತಪ್ಪೋದು ಖಂಡಿತ. ನೀನು ಬಿಡು."

ಹೆದೆ ಝೇಂಕರಿಸಿತು. ಬಾಣ ಒರತೆಯನ್ನು ದಾಟಿತು, ದ್ರಾಕ್ಷಿತೋಟವನ್ನು ದಾಟಿತು, ಲೈಕೋನನ ಮನೆಯ ಛಾವಣಿಯನ್ನೂ ದಾಟಿ ಹಿತ್ತಿಲ ಬೇಲಿಗೆ ಹೋಗಿ ನಾಟಿತು.

ಇಡೀ ಮನೆಯೇ ಈಗ ದೇವಿಯ ಗಡಿಯೊಳಗೆ. ಅಡಿಗೆಮನೆಯಿಂದ, ಕೊಟ್ಟಿಗೆಯಿಂದ, ಎಣ್ಣೆಯ ಗಾಣದಿಂದ ಅವನ ಗುಲಾಮರು ಒಬ್ಬೊಬ್ಬರಾಗಿ ಬಂದು ಅಂಗಳದಲ್ಲಿ ನಿಂತರು. ಯಾರೂ ಓಡಲಿಲ್ಲ, ಓಡುವ ಅಗತ್ಯವೇ ಇರಲಿಲ್ಲ. "ಇದು ನನ್ನ ಮನೆ!" ಎಂದು ಲೈಕೋನ್ ಕೂಗಿದ. ಆದರೆ ಆಗಲೇ ಆಡಿದ ಮಾತನ್ನು ಊರೆಲ್ಲ ಕೇಳಿತ್ತು.

ಗುಡ್ಡದ ತುಂಬ ಕೇಕೆ, ಚಪ್ಪಾಳೆ. ಥಿಯಾನೊ ಬರಿಗೈಗಳನ್ನು ಮೇಲೆತ್ತಿ ಕುಣಿದಳು. ತಾನು ಹರೆಯದಲ್ಲಿ ಬಿಟ್ಟ ಬಾಣವೂ ಅಷ್ಟು ದೂರ ಹೋಗಿರಲಿಲ್ಲ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡಳು.

ನೀತಿ: ಸೋತ ಕೈ ಬಿಲ್ಲನ್ನು ಬಿಗಿಹಿಡಿದರೆ ಹತ್ತು ಜನರ ಆಸರೆ ಕುಗ್ಗುತ್ತದೆ. ಅದೇ ಬಿಲ್ಲನ್ನು ತಕ್ಕ ಕೈಗೆ ಕೊಟ್ಟರೆ, ಗೆಲುವು ಕೊಟ್ಟವರದ್ದೂ ಆಗುತ್ತದೆ.