ಮುರಿಗೆಪ್ಪ ಅವ್ವನಿಗೆ ಸ್ಟೀರಿಯೋ ತಂದದ್ದು

ಗುಳೇದಗುಡ್ಡದ ಮಗ್ಗದ ಓಣಿಯಲ್ಲಿ ಸಾವಂತ್ರವ್ವ ಅಂತ ಒಬ್ಬಾಕೆ ಇದ್ದಳು. ಆಕೆಗೆ ಒಬ್ಬನೇ ಮಗ, ಹೆಸರು ಮುರಿಗೆಪ್ಪ. ವಯಸ್ಸು ಇಪ್ಪತ್ತೆಂಟು ದಾಟಿತ್ತು, ಮೀಸೆ ದಟ್ಟವಾಗಿತ್ತು, ಮೈಯಲ್ಲಿ ಕಸುವಿತ್ತು. ಬುದ್ಧಿ ಮಾತ್ರ ಹೇಳಿದಷ್ಟೇ ಕೆಲಸ ಮಾಡುತ್ತಿತ್ತು. ಒಲೆ ಮೇಲಿನ ಹಾಲು ನೋಡು ಅಂದರೆ ನೋಡುತ್ತಿದ್ದ. ಹಾಲು ಕಾಯುವುದನ್ನು ನೋಡುತ್ತಿದ್ದ, ಉಕ್ಕುವುದನ್ನು ನೋಡುತ್ತಿದ್ದ, ಒಲೆ ಆರುವುದನ್ನೂ ನೋಡುತ್ತಿದ್ದ. ಆಮೇಲೆ ಬಂದು, "ಎಲ್ಲಾ ನೋಡಿದೆ ಬೇ ಯವ್ವಾ" ಅನ್ನುತ್ತಿದ್ದ.

ಸಾವಂತ್ರವ್ವ ಕುಪ್ಪಸದ ಖಣ ನೇಯುತ್ತಿದ್ದಳು, ಮುರಿಗೆಪ್ಪ ಪಕ್ಕದಲ್ಲಿ ಕೂತು ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದ. ಆ ಕೆಲಸದಲ್ಲಿ ಅವನನ್ನು ಮೀರಿಸುವವರು ಓಣಿಯಲ್ಲೇ ಇರಲಿಲ್ಲ. ರೇಷ್ಮೆಯ ಎಳೆ ಅವನ ಕೈಯಲ್ಲಿ ಒಂದು ಸಲವೂ ಹರಿದಿದ್ದಿಲ್ಲ. ಆದರೆ ಕಂಡಿಕೆ ಸುತ್ತಿದ ಮಾತ್ರಕ್ಕೆ ಸಂಸಾರ ನಡೆಯುತ್ತದೆಯೇ? "ನಾನು ಹೋದ ಮ್ಯಾಲೆ ಈ ನನ್ನಪ್ಪನ್ನ ಯಾರ ಕೈಗೆ ಒಪ್ಪಸಲಿ" ಅಂತ ಆಕೆ ಲಾಳಿ ಎಸೆಯುತ್ತಲೇ ಒಂದೊಂದು ನಿಟ್ಟುಸಿರು ಬಿಡುತ್ತಿದ್ದಳು.

ಹೀಗಿರುವಾಗ ಸಾವಂತ್ರವ್ವನ ಕಿವಿ ಮಂದವಾಗತೊಡಗಿದವು. ನಲವತ್ತು ವರ್ಷ ಮಗ್ಗದ ಖಟಪಟದ ನಡುವೆ ಕೂತ ಕಿವಿ. ಬಾಗಲಕೋಟೆಯ ಡಾಕ್ಟರು ನೋಡಿ, "ಒಳಗಿನ ನರ ಸವದಾವ, ಸಣ್ಣ ಸಪ್ಪಳ ಒಂದೊಂದ ಹೋಗತಾವ" ಅಂದರು. ಅದು ನಿಜವೇ. ಸೋಮವಾರದ ಭಜನೆಯಲ್ಲಿ ದಮ್ಮಡಿ ಬಡಿಯುವುದು ಆಕೆಗೆ ಗೊತ್ತಾಗುತ್ತಿತ್ತು, ತಾಳ ಗೊತ್ತಾಗುತ್ತಿತ್ತು. ಏಕತಾರಿ ಮಾತ್ರ ಎಲ್ಲೋ ಹೋಗಿಬಿಟ್ಟಿತ್ತು. ಮುಂದೆ ಕೂತ ಹೆಂಗಸಿನ ಬೆರಳು ತಂತಿಯ ಮೇಲೆ ಆಡುತ್ತಿತ್ತು, ದನಿಯೇ ಇಲ್ಲ. ಅದೊಂದು ಆಕೆಗೆ ತಡೆಯಲಾಗಲಿಲ್ಲ.

ಬಜಾರದಲ್ಲಿ ರೇಡಿಯೋ ರಿಪೇರಿ ಮಾಡುವ ದಸ್ತಗೀರ ಇದ್ದ. ಸಾವಂತ್ರವ್ವ ಅವನ ಅಂಗಡಿಗೆ ಹೋಗಿ ಸಂಕಟ ಹೇಳಿಕೊಂಡಳು. ದಸ್ತಗೀರ ಯೋಚಿಸಿ ಹೇಳಿದ: "ಯಕ್ಕಾ, ಸಣ್ಣ ರೇಡಿಯೋದಾಗ ಏಕತಾರಿ ದನಿ ಸಿಗಂಗಿಲ್ಲ. ಚೊಲೋ ಸ್ಪೀಕರ್ ಎರಡು ಬೇಕು. ಟೇಪಿನ ದನಿ ಸಣ್ಣದು, ಅದನ್ನ ಎತ್ತಿ ದೊಡ್ಡದು ಮಾಡಾಕ ಒಂದು ಆಂಪ್ಲಿಫೈಯರ್ ಬೇಕು. ಓಣಿಯಾಗ ಮಗ್ಗ ನಡೆಯೋ ಹೊತ್ತಿನಾಗ ತಲಿಗೆ ಹಾಕ್ಕೊಳ್ಳಾಕ ಹೆಡ್‌ಫೋನ್ ಬೇಕು, ಹೊರಗಿನ ಸಪ್ಪಳ ಹೊರಗ ಉಳೀತೈತಿ. ಟೇಪು ನನ್ನ ಹಂತ್ಯಾಕ ಒಂದೈತಿ, ಅದನ್ನ ಕೊಡ್ತೀನಿ. ನಾನ ಎಲ್ಲಾ ಹೊತ್ತು ತಂದು ಜೋಡಿಸಿ ಹೋಗತೀನಿ."

"ಬ್ಯಾಡಪ್ಪಾ" ಅಂದಳು ಸಾವಂತ್ರವ್ವ. "ನಮ್ಮ ಮುರಿಗೆಪ್ಪ ಒಂದೊಂದ ಆರಿಸಿ ತರತಾನ. ನನ್ನ ಕಿವಿ ಇನ್ನೂ ಇರೂ ಹೊತ್ತಿನಾಗ ಅವ ಒಂದಿಷ್ಟು ವ್ಯವಹಾರ ಕಲೀಲಿ."

ದಸ್ತಗೀರ ಮುರಿಗೆಪ್ಪನನ್ನು ಬಲ್ಲವನು. ಆದರೂ ಬೇಡ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಸಾವಂತ್ರವ್ವ ಮಗನಿಗೆ ಹೇಳಿದಳು: "ಹೋಗಪಾ, ಸ್ಪೀಕರ್ ಎರಡು ತಾ. ಸುಮ್ಮನ ಕೊಟ್ಟದ್ದನ್ನ ಎತ್ತಿಕೊಂಡು ಬರಬ್ಯಾಡ. ಬಾರಿಸಿ ನೋಡಿ ತಾ."

"ಹ್ಞೂಂ ಬೇ ಯವ್ವಾ."

ಮುರಿಗೆಪ್ಪ ಹೋದ. ಮರದ ಪೆಟ್ಟಿಗೆಯಂಥ ಎರಡು ಸ್ಪೀಕರನ್ನು ಮುಂದಿಟ್ಟು ದಸ್ತಗೀರ ಚಹಾ ಕುಡಿಯಲು ಎದುರಿನ ಹೋಟೆಲಿಗೆ ಹೋದ. ಅವ್ವ ಸಂತೆಯಲ್ಲಿ ಗಡಿಗೆ ಬಾರಿಸಿ ಕೊಳ್ಳುವುದನ್ನು ಮುರಿಗೆಪ್ಪ ಸಣ್ಣಂದಿನಿಂದ ನೋಡಿದ್ದ. ಬೆರಳು ಮಡಚಿ ಪೆಟ್ಟಿಗೆಯ ಬೆನ್ನಿಗೆ ಬಾರಿಸಿದ. ಡಬ್ ಅಂತು, ಚೊಲೋ ಇದೆ. ಬಗಲಿಗೆ ಬಾರಿಸಿದ. ಡಬ್ ಅಂತು, ಅದೂ ಚೊಲೋ ಇದೆ. ತಿರುಗಿಸಿ ಮುಂದಿನ ದುಂಡನೆಯ ಕರಿ ಕಾಗದಕ್ಕೆ ಬಾರಿಸಿದ. ಪಚಕ್ ಅಂತು. ಮಣಿಕಟ್ಟಿನ ತನಕ ಕೈ ಒಳಗೆ ಹೋಯಿತು.

ಆ ಕೈಯನ್ನು ಹೊರಗೆ ತೆಗೆದು, ಎರಡನ್ನೂ ಹೆಗಲಿಗೇರಿಸಿಕೊಂಡು ಮನೆಗೆ ಬಂದ. "ಒಂದು ಗಟ್ಟಿ ಐತಿ, ಒಂದು ಪೊಳ್ಳ ಐತಿ ಬೇ ಯವ್ವಾ. ಬಾರಿಸಿ ನೋಡೀನಿ."

ಸಾವಂತ್ರವ್ವ ತೂತು ನೋಡಿದಳು, ಹಣೆ ಬಡಿದುಕೊಂಡಳು. "ಅಯ್ಯ ನನ್ನಪ್ಪ, ಬಾರಿಸೂದಂದ್ರ ಗಡಿಗಿ ಬಾರಿಸೂದಲ್ಲೋ. ಇಂಥಾ ಸಾಮಾನಿಗೆ ಕೈ ಹಚ್ಚಬಾರದು. ಕೈ ಕಟ್ಟಿಕೊಂಡು ನಿಂದ್ರಬೇಕು, ಕಿವಿ ಹಚ್ಚಬೇಕು. ತಿಳೀತಿಲ್ಲೋ?"

"ಹ್ಞೂಂ ಬೇ ಯವ್ವಾ. ಕೈ ಕಟ್ಟಬೇಕು, ಕಿವಿ ಹಚ್ಚಬೇಕು."

ದಸ್ತಗೀರ ಹರಿದ ಕಾಗದ ತೆಗೆದು ಬೇರೆಯದು ಹಾಕಿಕೊಟ್ಟ. ಎರಡು ದಿನ ಬಿಟ್ಟು ಮುರಿಗೆಪ್ಪ ಆಂಪ್ಲಿಫೈಯರ್ ತರಲು ಹೊರಟ. ಕೈ ಕಟ್ಟಬೇಕು, ಕಿವಿ ಹಚ್ಚಬೇಕು, ಕೈ ಕಟ್ಟಬೇಕು, ಕಿವಿ ಹಚ್ಚಬೇಕು ಅಂತ ದಾರಿಯುದ್ದಕ್ಕೂ ಹೇಳಿಕೊಳ್ಳುತ್ತ ಹೋದ.

ದಸ್ತಗೀರ ಆಂಪ್ಲಿಫೈಯರನ್ನು ಕರೆಂಟಿಗೆ ಹಚ್ಚಿ ಮೇಜಿನ ಮೇಲಿಟ್ಟು, ಇನ್ನೊಬ್ಬರ ರೇಡಿಯೋ ಬಿಚ್ಚಿಕೊಂಡು ಕೂತ. ಮುರಿಗೆಪ್ಪ ಎದೆಯ ಮೇಲೆ ಕೈ ಕಟ್ಟಿ, ಬಗ್ಗಿ, ಆಂಪ್ಲಿಫೈಯರಿನ ತಲೆಗೆ ಕಿವಿ ಹಚ್ಚಿದ. ಹಚ್ಚಿದವನು ತೆಗೆಯಲಿಲ್ಲ. ಆಂಪ್ಲಿಫೈಯರ್ ಬೆಚ್ಚಗಾಯಿತು, ಆಮೇಲೆ ಬಿಸಿಯಾಯಿತು. ಕಿವಿ ಕೆಂಪಾಯಿತು. ಮುರಿಗೆಪ್ಪನಿಗೆ ಉರಿ ತಡೆಯಲಾಗುತ್ತಿರಲಿಲ್ಲ, ಕಣ್ಣಲ್ಲಿ ನೀರು ಬಂತು. ಆದರೂ ಅವ್ವ ಹಚ್ಚು ಅಂದಿದ್ದಳು, ತೆಗಿ ಅಂದಿರಲಿಲ್ಲ.

ದಸ್ತಗೀರ ತಲೆ ಎತ್ತಿ ನೋಡಿ ಗಾಬರಿಯಾದ. "ಏನ್ ಮಾಡಾಕತ್ತಿಯೋ ತಮ್ಮಾ?"

"ಕಿವಿ ಹಚ್ಚೀನ್ರಿ ಅಣ್ಣಾರ. ಇದು ಮೂಕ ಐತ್ರಿ, ಒಂದು ಮಾತೂ ಆಡವಲ್ದು."

"ಅದರಷ್ಟಕ್ಕ ಅದು ಮಾತಾಡಂಗಿಲ್ಲೋ. ಬಿಡು, ಎತ್ತಿಕೊಂಡು ಮನಿಗೆ ನಡಿ."

"ಎತ್ತಾಕ ಬರಂಗಿಲ್ರಿ. ಕೈ ಕಟ್ಟೀನಿ."

ಎಷ್ಟು ಹೇಳಿದರೂ ಕೈ ಬಿಚ್ಚಲಿಲ್ಲ. ಕೈ ಕಟ್ಟಿಕೊಂಡೇ ಬರಿಗೈಯಲ್ಲಿ ಮನೆಗೆ ಬಂದ.

ಸಾವಂತ್ರವ್ವ ಮಗನ ಕಿವಿಗೆ ಬೆಣ್ಣೆ ಹಚ್ಚುತ್ತ ಬೈದಳು. ಬೈಗುಳ ಒಂದು ಕಡೆ, ಬೆಣ್ಣೆ ಒಂದು ಕಡೆ. "ಹಾಡೂದು ಅದಲ್ಲೋ ಹುಚ್ಚಪ್ಪಾ, ಅದು ಹಾಡಿನ ಭಾರ ಹೊರೂದು. ಅಂಥಾ ಸಾಮಾನು ತರೋ ಮುಂದ ಗಟ್ಟಿ ಐತೋ ಇಲ್ಲೋ, ಭಾರ ತಡೀತೈತೋ ಇಲ್ಲೋ ನೋಡಬೇಕು. ನಾಳೆ ಹೋಗು. ಕೈ ಬಿಚ್ಚಿಕೊಂಡು ಹೋಗು. ಅದನ್ನೂ ತಾ, ಟೇಪೂ ತಾ, ಹೆಡ್‌ಫೋನೂ ತಾ."

"ಹ್ಞೂಂ ಬೇ ಯವ್ವಾ. ಭಾರ ತಡೀತೈತೋ ಇಲ್ಲೋ ನೋಡತೀನಿ."

ಮರುದಿನ ಅಂಗಡಿಯಲ್ಲಿ ಆಂಪ್ಲಿಫೈಯರಿನ ಮೇಲೆ ಮುರಿಗೆಪ್ಪ ಹತ್ತಿ ನಿಂತ. ತಡೆಯಿತು. ಟೇಪಿನ ಮೇಲೆ ಹತ್ತಲು ಹೋದಾಗ ದಸ್ತಗೀರ ರಟ್ಟೆ ಹಿಡಿದು ನಿಲ್ಲಿಸಿ, "ಅದು ತಡೀತೈತಿ, ನನ್ನ ಮಾತು ನಂಬು" ಅಂದ. ಮುರಿಗೆಪ್ಪ ನಂಬಿದ. ಹೆಡ್‌ಫೋನಿನ ಬಗ್ಗೆ ಮಾತ್ರ ದಸ್ತಗೀರನಿಗೆ ಏನೂ ಹೇಳಲು ಹೊಳೆಯಲಿಲ್ಲ. ತಲೆಗೆ ಹಾಕುವ ಸಾಮಾನಿಗೆ ಯಾರಾದರೂ ಏನು ಮಾಡಿಯಾರು ಅಂದುಕೊಂಡ. ಮುರಿಗೆಪ್ಪ ಪಕ್ಕದ ಕಿರಾಣಿ ಅಂಗಡಿಗೆ ಹೋಗಿ ಐದು ಕಿಲೋ ತೂಕದ ಕಲ್ಲು ಕೇಳಿ ತಂದ, ಹೆಡ್‌ಫೋನನ್ನು ಗೂಟಕ್ಕೆ ಸಿಕ್ಕಿಸಿದ, ಕಲ್ಲನ್ನು ಅದಕ್ಕೆ ಜೋತುಬಿಟ್ಟ. ಟಕ್ ಅಂತ ಮೇಲಿನ ಪಟ್ಟಿ ಮುರಿಯಿತು.

ಆಂಪ್ಲಿಫೈಯರ್, ಟೇಪು ಎರಡನ್ನೇ ಹೊತ್ತು ಮನೆಗೆ ಬಂದ. ಈ ಸಲ ಸಾವಂತ್ರವ್ವನಿಗೆ ಬೈಯಲೂ ತ್ರಾಣವಿರಲಿಲ್ಲ. ಮುರಿದ ಪಟ್ಟಿಯನ್ನು ರಿಪೇರಿಗೆ ಕೊಟ್ಟು ಬಂದಿದ್ದೇನೆ ಅಂತ ಮುರಿಗೆಪ್ಪ ಹೇಳಿದ್ದಕ್ಕೆ ಮೆಲ್ಲಗೆ ಅಂದಳು: "ಎಲ್ಲಾ ಸಾಮಾನಿಗೂ ಭಾರ ಹೇರಬಾರದು ಯಪ್ಪಾ. ಹಗುರ ಇರಬೇಕು. ಮೆತ್ತಗಿರಬೇಕು. ಐತೋ ಇಲ್ಲೋ ಗೊತ್ತ ಆಗಬಾರದು, ಅಂಥಾದ್ದು ನೋಡಬೇಕು. ನಾಳೆ ವಾಯರ್ ಒಂದು ತಂದುಬಿಡು. ಸ್ಪೀಕರಿಗೂ ಆಂಪ್ಲಿಫೈಯರಿಗೂ ಜೋಡಿಸಾಕ."

"ಹ್ಞೂಂ ಬೇ ಯವ್ವಾ. ಹಗುರ, ಮೆತ್ತಗ, ಐತೋ ಇಲ್ಲೋ ಗೊತ್ತಾಗಬಾರದು."

ಮರುದಿನ ದಸ್ತಗೀರ ವಾಯರಿನ ಸುರುಳಿ ಮುಂದಿಟ್ಟು, "ಕೆಂಪು ತುದಿ ಕೆಂಪಕ್ಕ, ಕರೀದು ಕರೀಕ ಹಚ್ಚಬೇಕು, ತಪ್ಪಬಾರದು" ಅಂದ. ಟೇಪಿನ ಪಿನ್ನು ಆಂಪ್ಲಿಫೈಯರಿಗೆ ಚುಚ್ಚುವ ರೀತಿಯನ್ನೂ ತೋರಿಸಿಕೊಟ್ಟ. ಮುರಿಗೆಪ್ಪ ಪಿನ್ನು ಚುಚ್ಚುವುದನ್ನು ಕಲಿತ. ವಾಯರನ್ನು ಮಾತ್ರ ಅಂಗೈಯಲ್ಲಿ ತೂಗಿ ನೋಡಿದ: ಭಾರ. ಒತ್ತಿ ನೋಡಿದ: ಬಿರುಸು. ಕಣ್ಣು ಮುಚ್ಚಿ ಹಿಡಿದು ನೋಡಿದ: ಇರುವುದು ಚೆನ್ನಾಗಿ ಗೊತ್ತಾಗುತ್ತಿತ್ತು.

"ಇದಕ್ಕಿಂತ ಚೊಲೋದು ನಮ್ಮ ಮನ್ಯಾಗ ಐತ್ರಿ ಅಣ್ಣಾರ" ಅಂತ ವಾಯರ್ ಅಲ್ಲೇ ಬಿಟ್ಟು ಮನೆಗೆ ಬಂದ.

ತಾನೇ ಸುತ್ತಿದ ಕಂಡಿಕೆಗಳಿಂದ ಕೆಂಪು ರೇಷ್ಮೆ ತೆಗೆದ, ಕರಿ ರೇಷ್ಮೆ ತೆಗೆದ. ಎರಡೆಳೆ ಮೂರೆಳೆ ಹೊಸೆದ. ಕೆಂಪನ್ನು ಕೆಂಪಿಗೆ ಕಟ್ಟಿದ, ಕರಿಯನ್ನು ಕರಿಗೆ ಕಟ್ಟಿದ. ಒಂದು ಗಂಟೂ ಕಾಣದ ಹಾಗೆ ಕಟ್ಟಿದ. ಟೇಪಿನ ಪಿನ್ನು ಸರಿಯಾಗಿ ಚುಚ್ಚಿದ, ಕ್ಯಾಸೆಟ್ ಹಾಕಿದ. ಅದು ದಸ್ತಗೀರ ಆರಿಸಿ ಕೊಟ್ಟ ಹೆಂಗಸರ ಭಜನೆಯ ಕ್ಯಾಸೆಟ್. ಆಮೇಲೆ ಅವ್ವನನ್ನು ಕರೆದು ಸ್ಪೀಕರುಗಳ ಮುಂದೆ ಕೂರಿಸಿ, ಗುಂಡಿ ಒತ್ತಿದ.

ಕ್ಯಾಸೆಟ್ ತಿರುಗಿತು. ಸಾವಂತ್ರವ್ವ ಸೆರಗು ಹಿಂದೆ ಸರಿಸಿ ಕಿವಿ ಬಿಟ್ಟುಕೊಂಡು ಕೂತಳು. ಮುರಿಗೆಪ್ಪ ಗುಂಡಿ ತಿರುವಿದ. ಇನ್ನೂ ತಿರುವಿದ. ಆಕೆ ಒಂದು ಸ್ಪೀಕರಿನ ಹತ್ತಿರ ಬಗ್ಗಿದಳು, ಇನ್ನೊಂದರ ಹತ್ತಿರ ಬಗ್ಗಿದಳು. ಓಣಿಯ ಮಗ್ಗಗಳು ದೂರದಲ್ಲೆಲ್ಲೋ ಕುಟ್ಟುತ್ತಿದ್ದವು. ಹಾಡು ಬರಲಿಲ್ಲ.

"ಹೋತಪಾ" ಅಂದಳು ಸಾವಂತ್ರವ್ವ. "ಏಕತಾರಿ ಒಂದ ಹೋಗೇತಿ ಅಂದಿದ್ದೆ. ಹಾಡೂ ಹೋತು."

ಆಕೆ ಅಳಲಿಲ್ಲ. ಗೋಡೆಗೆ ಒರಗಿ ಕೂತು ಮಡಿಲಲ್ಲಿ ಕೈ ಇಟ್ಟುಕೊಂಡಳು. ಮಗ್ಗಕ್ಕೂ ಹೋಗಲಿಲ್ಲ, ಒಲೆಗೂ ಹೋಗಲಿಲ್ಲ. ಅವ್ವ ಸುಮ್ಮನೆ ಕೂತದ್ದನ್ನು ಮುರಿಗೆಪ್ಪ ಈವರೆಗೆ ನೋಡಿರಲಿಲ್ಲ. ಏನು ಮಾಡಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಯಾರೂ ಹೇಳದೆ ಏನಾದರೂ ಮಾಡುವುದು ಅವನಿಗೆ ತಿಳಿಯದು. ಹೋಗಿ ಆಕೆಯ ಪಕ್ಕದಲ್ಲಿ, ಆಕೆಯ ಹಾಗೆಯೇ ಗೋಡೆಗೆ ಒರಗಿ, ಮಡಿಲಲ್ಲಿ ಕೈ ಇಟ್ಟುಕೊಂಡು ಕೂತ.

ಅಷ್ಟರಲ್ಲಿ ದಸ್ತಗೀರ ಬಂದ. ಒಂದು ಕೈಯಲ್ಲಿ ರಿಪೇರಿಯಾದ ಹೆಡ್‌ಫೋನು, ಇನ್ನೊಂದು ಕೈಯಲ್ಲಿ ಮುರಿಗೆಪ್ಪ ಬಿಟ್ಟುಹೋದ ವಾಯರು. ಗೋಡೆಗೊರಗಿದ ತಾಯಿಮಕ್ಕಳನ್ನು ನೋಡಿದ, ತಿರುಗುತ್ತಿದ್ದ ಕ್ಯಾಸೆಟ್ ನೋಡಿದ, ಬಗ್ಗಿ ಸ್ಪೀಕರಿನ ಹಿಂದೆ ನೋಡಿದ.

"ಯಕ್ಕಾ" ಅಂದ, "ಇದು ರೇಷ್ಮಿ."

"ಏನ ಅಂದಿ?"

"ವಾಯರಿನ ಬದಲಿ ರೇಷ್ಮಿ ಕಟ್ಟ್ಯಾನ. ವಾಯರಂದ್ರ ಒಳಗ ತಾಮ್ರ ಇರಬೇಕು. ದಾರದಾಗ ಹಾಡು ಹರಿಯಂಗಿಲ್ಲ. ನಿನ್ನ ಕಿವಿಗೆ ಏನೂ ಆಗಿಲ್ಲ, ನನಗೂ ಏನೂ ಕೇಳವಲ್ದು."

ಸಾವಂತ್ರವ್ವ ಎದ್ದು ಬಂದು ನೋಡಿದಳು. ಕೆಂಪು ಎಳೆ, ಕರಿ ಎಳೆ, ಕಾಣದ ಗಂಟು. ಮುರಿಗೆಪ್ಪ ಬೈಗುಳಕ್ಕೆ ತಲೆ ಬಗ್ಗಿಸಿ ನಿಂತ. ಬೈಗುಳ ಬರಲಿಲ್ಲ. ಆಕೆ ಅವನ ತಲೆಯನ್ನು ಎಳೆದುಕೊಂಡು, ಸುಟ್ಟು ಮಾಗುತ್ತಿದ್ದ ಕಿವಿಯ ಮೇಲೆ ಕೈ ಆಡಿಸಿ, "ಎಷ್ಟ ಚಂದ ಕಟ್ಟೀಯೋ ನನ್ನಪ್ಪ" ಅಂದಳು.

ದಸ್ತಗೀರ ರೇಷ್ಮೆ ಬಿಚ್ಚಿ ವಾಯರ್ ಹಚ್ಚಿದ. ಸ್ಪೀಕರಿನಲ್ಲಿ ಭಜನೆ ಎದ್ದು ಬಂತು. ಆದರೆ ಮಧ್ಯಾಹ್ನದ ಹೊತ್ತು, ಎಡಮನೆ ಬಲಮನೆಯಲ್ಲೆಲ್ಲ ಮಗ್ಗ ಕುಟ್ಟುತ್ತಿದ್ದವು. "ಸ್ಪೀಕರ್ ಸಂಜೀಕ ಆತು. ಈಗ ಇದು" ಅಂತ ಹೆಡ್‌ಫೋನ್ ಚುಚ್ಚಿ ಆಕೆಯ ತಲೆಗೆ ಹಾಕಿದ. ಗುಂಡಿಯನ್ನು ಕೂದಲೆಳೆಯಷ್ಟು ತಿರುವಿದ, ಇನ್ನೊಂದು ಎಳೆಯಷ್ಟು ತಿರುವಿದ.

ಸಾವಂತ್ರವ್ವನ ಮುಖ ನೋಡುತ್ತಿದ್ದ ಮುರಿಗೆಪ್ಪನಿಗೆ, ಆಕೆಯ ಬಲಗೈಯ ತೋರುಬೆರಳು ತಾನಾಗಿ ತೊಡೆಯ ಮೇಲೆ ಮಿಡಿಯುವುದು ಕಾಣಿಸಿತು. ತಂತಿ ಮೀಟುವ ಹಾಗೆ. ಆಕೆ ಕಣ್ಣು ಮುಚ್ಚಿದಳು. "ಐತಿ" ಅಂದಳು. "ಅಗದೀ ಹಿಂದ ಐತಿ. ಸಣ್ಣಗ ಐತಿ. ಐತಿ." ಒಂದು ಹಾಡು ಮುಗಿಯಿತು, ಇನ್ನೊಂದು ಮುಗಿಯಿತು. ದಸ್ತಗೀರ ಬಾಗಿಲ ಹತ್ತಿರ ಕೂತು ಎಲೆ ಅಡಿಕೆ ಹಾಕಿಕೊಂಡ.

ಮೂರನೆಯ ಹಾಡಿಗೆ ಸಾವಂತ್ರವ್ವ ಹೆಡ್‌ಫೋನ್ ತೆಗೆದು ಮಗನ ತಲೆಗೆ ಹಾಕಿದಳು. "ನೀನೂ ಕೇಳಪಾ."

"ಹ್ಞೂಂ ಬೇ ಯವ್ವಾ" ಅಂದ ಮುರಿಗೆಪ್ಪ. ಏನು ಕೇಳಬೇಕು ಅಂತ ಅವ್ವ ಹೇಳಲಿಲ್ಲ. ಒಳಗೆ ಯಾರೋ ಅಕ್ಕಂದಿರು ಹಾಡುತ್ತಿದ್ದರು, ನಡುವೆ ಮಾತಾಡಿಸುವುದು ಸರಿಯಲ್ಲ ಅಂತ ಹಾಡಿನ ಒಂದು ನುಡಿ ಮುಗಿಯುವ ತನಕ ತಡೆದ. ಹೊತ್ತು ಮಧ್ಯಾಹ್ನ. ಆ ಹೊತ್ತಿನಲ್ಲಿ ಕೇಳುವುದು ಒಂದೇ.

"ಅಕ್ಕಾರ, ಊಟ ಆತೇನ್ರಿ?"

ಉತ್ತರ ಬರಲಿಲ್ಲ. ಅವರು ಮುಂದಿನ ನುಡಿ ಎತ್ತಿದರು.

ಸಾವಂತ್ರವ್ವ ಅವನ ಮುಖಕ್ಕೆ ಮುಖ ಹಚ್ಚಿ, "ಕೇಳಾಕತ್ತೇತೇನ?" ಅಂದಳು. ಒಳಗಿನ ಹಾಡಿನಲ್ಲಿ ಅವನಿಗೆ ಅರ್ಧ ಮಾತಷ್ಟೇ ಮುಟ್ಟಿತು.

"ಕೇಳಾಕತ್ತೀನಿ ಬೇ. ಹೇಳವಲ್ರು."

"ಜೋರ ಕೇಳಬೇಕನ?" ಅಂದ ದಸ್ತಗೀರ, ಗುಂಡಿಯ ಕಡೆ ಕೈ ತೋರಿಸಿ.

ಮುರಿಗೆಪ್ಪ ತಲೆಯಾಡಿಸಿದ. ಎದೆ ತುಂಬ ಉಸಿರು ತುಂಬಿಕೊಂಡು, ಜೋರಾಗಿಯೇ ಕೇಳಿದ. ಎಡಮನೆಯ ಮಗ್ಗ ನಿಂತಿತು. ಬಲಮನೆಯ ಮಗ್ಗ ನಿಂತಿತು. "ಆತಪಾ, ನಮ್ಮದು ಆಗಲೇ ಆತು" ಅಂತ ಗೋಡೆಯಾಚೆಯಿಂದ ಯಾರೋ ಕೂಗಿದರು. ಒಳಗಿನ ಅಕ್ಕಂದಿರು ಮಾತ್ರ ಏನೂ ಅನ್ನಲಿಲ್ಲ.

ಊಟ ಆಗಿದ್ದರೆ ಆಗಿದೆ ಅನ್ನುತ್ತಿದ್ದರು. ಆಗಿಲ್ಲ ಅನ್ನಲು ನಾಚಿಕೆ ಇರಬೇಕು. ಮುರಿಗೆಪ್ಪ ಹೆಡ್‌ಫೋನನ್ನು ಜೋಪಾನವಾಗಿ ತೆಗೆದು ಅವ್ವನ ಕೈಗಿತ್ತು ಅಡಿಗೆಮನೆಗೆ ಹೋದ. ಉಣ್ಣುವ ಗಂಗಾಳಗಳನ್ನು ತಂದು ಪಡಸಾಲೆಯಲ್ಲಿ ಒಂದೊಂದಾಗಿ ಇಡತೊಡಗಿದ. ಎಡಗಡೆ ಎರಡು ಇಟ್ಟ. ಬಲಗಡೆ ಮೂರು ಇಟ್ಟ.

"ಇದೇನ ನಡಿಸೀಯಪಾ?" ಅಂದಳು ಸಾವಂತ್ರವ್ವ.

"ಎಡಗಿವಿ ಕಡೆ ಇಬ್ಬರು ಕುಂತಾರ ಬೇ ಯವ್ವಾ, ಬಲಗಿವಿ ಕಡೆ ಮೂವರು. ಅದರಾಗ ಒಬ್ಬಾಕಿದು ಗಡಸು ದನಿ." ಅವನು ಬಾಗಿಲ ಹತ್ತಿರ ಕೂತ ದಸ್ತಗೀರನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಹೇಳಿದ: "ಅಣ್ಣಾರ, ಒಂದೀಟು ಈ ಕಡೆ ಸರೀರಿ. ಅಲ್ಲಿ ಆ ಗಡಸು ದನಿ ಅಕ್ಕ ಕುಂದರತಾಳ."

ದಸ್ತಗೀರ ಸಾವಂತ್ರವ್ವನ ಮುಖ ನೋಡಿದ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅವನು ಎಲೆ ಅಡಿಕೆಯ ಚೀಲ ಎತ್ತಿಕೊಂಡು, ಬಾಗಿಲು ಬಿಟ್ಟು, ಗೋಡೆಯ ಕಡೆ ಸರಿದು ಕೂತ.