ಫಾರಂ ಕೋಳಿಯ ಎದೆ

ಮಾಂಸದ ಅಂಗಡಿಗೆ ಹೋಗುವ ಗಾಡಿಯಿಂದ ಕೆಳಗೆ ಬಿದ್ದ ಫಾರಂ ಹುಂಜವೊಂದು ನಾಟಿ ಕೋಳಿಯ ಹಿತ್ತಿಲು ಸೇರಿತು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಏದುಸಿರು ಬಿಡುತ್ತಾ ಕುಕ್ಕರಿಸಿತು.

"ಅಕ್ಕಾ, ನಡೆದರೆ ಎದೆ ಹೊಡೆದುಕೊಳ್ಳುತ್ತದೆ. ನಮ್ಮ ಶೆಡ್ಡಿನಲ್ಲಿ ತಿನ್ನುತ್ತಿದ್ದ ಜಾಗದಲ್ಲೇ ಎದೆಬಡಿತ ನಿಂತು ಸತ್ತವರನ್ನು ಕಂಡಿದ್ದೇನೆ. ನನಗೂ ಹಾಗಾದೀತೆಂದು ಭಯ. ಕಾಳನ್ನು ಇಲ್ಲಿಗೇ ತಂದುಕೊಡು."

"ಸತ್ತವರು ನಡೆಯುತ್ತಿದ್ದರೋ, ಕೂತಿದ್ದರೋ?"

"ಕೂತಿದ್ದರು."

"ಮತ್ತೆ ನೀನೂ ಕೂತೇ ಬದುಕಲು ಹೊರಟೆಯಾ, ಜಾಣ?"

ಹಾಗೆಂದರೂ ನಾಟಿ ಕೋಳಿಗೆ ಕನಿಕರ ಹುಟ್ಟಿತು. ತಿಪ್ಪೆ ಕೆದಕಿ ಕಾಳು ತಂದು, ಹುಂಜದ ಕೊಕ್ಕಿಗೆ ಎಟುಕದಂತೆ ಒಂದು ಹೆಜ್ಜೆ ಆಚೆ ಇಟ್ಟಿತು. ಹುಂಜ ಕಷ್ಟಪಟ್ಟು ಎದ್ದು ತಿಂದು, ಮತ್ತೆ ಕೂತು ಸುಧಾರಿಸಿಕೊಂಡಿತು. ಮರುದಿನ ಕಾಳು ಇನ್ನೂ ಸ್ವಲ್ಪ ಆಚೆ ಇತ್ತು. ಹೀಗೆ ದಿನದಿನಕ್ಕೂ ಕಾಳು ದೂರವಾಯಿತು, ಹುಂಜದ ಬೈಗುಳ ಜೋರಾಯಿತು.

ಒಂದು ಬೆಳಿಗ್ಗೆ ಕಾಳೇ ಕಾಣಲಿಲ್ಲ. ಹುಂಜ ರೇಗಿ, ಬಾವಿಕಟ್ಟೆ ಸುತ್ತಿ, ತಿಪ್ಪೆ ಹತ್ತಿ, ನಾಟಿ ಕೋಳಿಯ ಮುಂದೆ ನಿಂತು ಕೂಗಿತು: "ಮೋಸಗಾತಿ! ಇವತ್ತಿನ ಕಾಳೆಲ್ಲಿ?"

"ನಿನ್ನ ಕಾಲಡಿಯಲ್ಲೇ ಇದೆ, ಕೆದಕಿಕೋ. ಇಷ್ಟು ದೂರ ಬಂದು ಬೈಯುವಷ್ಟು ಉಸಿರು ಎಲ್ಲಿಂದ ಬಂತು, ತಮ್ಮಾ?"

ಹುಂಜ ತಾನು ಬಂದ ದಾರಿಯನ್ನು ತಿರುಗಿ ನೋಡಿ ಬೆಚ್ಚಿತು. "ಅಕ್ಕಾ, ಎದೆ ಹೊಡೆದುಕೊಳ್ಳುತ್ತಿದೆ!"

"ಹೊಡೆದುಕೊಳ್ಳಲಿ ಬಿಡು, ಅದರ ಕೆಲಸವೇ ಅದು. ನೀನು ನಿನ್ನ ಕೆಲಸ ಮಾಡು."

ಹುಂಜ ಕೆದಕತೊಡಗಿತು.